ಹಸ್ತಪ್ರತಿಯ ಕೊನೆಯ ಪುಟದ ನಂತರ

ಸ್ಫೂರ್ತಿ ಬಂದಾಗ ಬರೆಯುವುದು, ಬಾರದಿದ್ದಾಗ ಸುಮ್ಮನಿರುವುದು ಕಾದಂಬರಿಕಾರರ ಸ್ವಭಾವ ಎಂಬ ನಂಬಿಕೆ ಓದುಗರಲ್ಲಿ ಬಲವಾಗಿದೆ. ಕವಿತೆಯ ಮಟ್ಟಿಗೆ ಇದು ನಿಜವೋ ಏನೋ, ಕವಿಗಳೇ ಹೇಳಬೇಕು. ಕಾದಂಬರಿಯಂತಹ ದೀರ್ಘ ಬರವಣಿಗೆಯಂತೂ ದಿನಚರಿಯಿಲ್ಲದೆ ದಡ ಮುಟ್ಟುವುದಿಲ್ಲ. ಇಂಗ್ಲಿಷ್ ಕಾದಂಬರಿಕಾರ ಆಂಟನಿ ಟ್ರಾಲಪ್ ಅಂಚೆ ಇಲಾಖೆಯ ನೌಕರಿಯಲ್ಲಿದ್ದುಕೊಂಡೇ ಬೆಳಗಿನ ಹೊತ್ತು ಎದುರಿಗೆ ಗಡಿಯಾರ ಇಟ್ಟುಕೊಂಡು ಕಾಲು ಗಂಟೆಗೆ ೨೫೦ ಪದಗಳಂತೆ ಬರೆಯುತ್ತಿದ್ದ. ಅವನು ತೀರಿಕೊಂಡ ಮರುವರ್ಷ, ೧೮೮೩ರಲ್ಲಿ, ಪ್ರಕಟವಾದ ಆತ್ಮಕಥೆಯಲ್ಲಿ ಈ ಲೆಕ್ಕವೂ ಇತ್ತು, ಯಾವ ಪುಸ್ತಕದಿಂದ ಎಷ್ಟು ಹಣ ಬಂತೆಂಬ ಪಟ್ಟಿಯೂ ಇತ್ತು. ಅದರಿಂದ ಅವನ ಸಾಹಿತ್ಯಕ ಮರ್ಯಾದೆಗೆ ಪೆಟ್ಟು ಬಿತ್ತೆಂದು ಹೇಳುವುದುಂಟು. ನನ್ನನ್ನು ಹೆಚ್ಚು ಸೆಳೆದದ್ದು ಅವನ ಇನ್ನೊಂದು ರೂಢಿ: ಕೂತ ಮೊದಲ ಅರ್ಧ ಗಂಟೆ ಅವನು ಹಿಂದಿನ ದಿನ ಬರೆದದ್ದನ್ನೇ ಓದಿ, ಮಾತು ಕಿವಿಗೆ ಹೇಗೆ ಕೇಳುತ್ತದೆಂದು ತೂಗಿ ನೋಡುತ್ತಿದ್ದ. ವರ್ಷಗಟ್ಟಲೆ ಎಳೆಯುವ ಬರವಣಿಗೆಯಲ್ಲಿ ಕಥೆಯ ಎಳೆ ತಪ್ಪುವುದು ಅಪರೂಪ; ನಿರೂಪಣೆಯ ದನಿ ತಪ್ಪುವುದೇ ಹೆಚ್ಚು.

ಬರೆದು ಮುಗಿಸಿದ ಮೇಲೆ ಬೇರೆಯೇ ಲೆಕ್ಕ ಶುರುವಾಗುತ್ತದೆ. ಪ್ರಕಾಶಕರು ಹಸ್ತಪ್ರತಿಯನ್ನು ಒಪ್ಪುವುದಾಗಲಿ ಬಿಡುವುದಾಗಲಿ ಕೃತಿಯ ಗುಣದ ಮೇಲಿನ ತೀರ್ಪು ಎಂದು ಭಾವಿಸಿ ಕೊರಗುವ ಹೊಸ ಲೇಖಕರನ್ನು ಕಂಡಾಗ ನನಗೆ ಬೇಸರವಾಗುತ್ತದೆ. ಆ ವರ್ಷದ ಪಟ್ಟಿ ಭರ್ತಿಯಾಗಿರಬಹುದು, ಅದೇ ವಸ್ತುವಿನ ಪುಸ್ತಕವೊಂದು ಆಗಷ್ಟೇ ಹೊರಬಂದಿರಬಹುದು, ಕಾಗದದ ಖರ್ಚು ಮಾರಾಟದ ಅಂದಾಜನ್ನು ಮೀರಿರಬಹುದು.

ಕಾಗದದ ಲೆಕ್ಕ ಕಥೆಯೊಳಕ್ಕೂ ಕೈ ಹಾಕುತ್ತದೆ. ಪುಸ್ತಕ ಅಚ್ಚಾಗುವುದು ಬಿಡಿ ಪುಟಗಳಾಗಿ ಅಲ್ಲ, ಫಾರಂಗಳಾಗಿ. ದೊಡ್ಡ ಹಾಳೆಯನ್ನು ಮಡಿಚಿದಾಗ ಸಾಮಾನ್ಯವಾಗಿ ೧೬ ಪುಟಗಳಾಗುತ್ತವೆ; ಅದೇ ಒಂದು ಫಾರಂ. ನನ್ನ ಕಾದಂಬರಿಯೊಂದು ಪುಟವಿನ್ಯಾಸದ ನಂತರ ೨೬೦ ಪುಟಕ್ಕೆ ನಿಂತಿತು. "ನಾಲ್ಕು ಪುಟ ಇಳಿಸಿಕೊಟ್ಟರೆ ಹದಿನಾರು ಫಾರಂಗೆ ಮುಗಿಯುತ್ತೆ, ನೋಡಿ" ಎಂದರು ಪ್ರಕಾಶಕರು. ನಾಲ್ಕು ಪುಟ ಇಳಿಸಲು ನಾಲ್ಕು ಪುಟದಷ್ಟು ಬರಹವನ್ನೇ ಕತ್ತರಿಸಬೇಕಾಗಿಲ್ಲ. ಎರಡು ಮೂರು ಸಾಲುಗಳಷ್ಟೇ ಹೊಸ ಪುಟಕ್ಕೆ ಚೆಲ್ಲಿ ಮುಗಿಯುವ ಅಧ್ಯಾಯಗಳನ್ನು ಮೊದಲು ಗುರುತಿಸಬೇಕು. ಆಮೇಲೆ ಆ ಅಧ್ಯಾಯದಲ್ಲಿ ಹಿಂದಕ್ಕೆ ಹೋಗುತ್ತ, ಕೊನೆಯ ಸಾಲಿನಲ್ಲಿ ಒಂಟಿ ಪದ ಉಳಿದಿರುವ ಪ್ಯಾರಾಗಳನ್ನು ಹುಡುಕಬೇಕು. ಅಂಥ ಪ್ಯಾರಾದಲ್ಲಿ ಒಂದು ವಿಶೇಷಣ ಹೋದರೆ ಒಂದು ಸಾಲು ಉಳಿಯುತ್ತದೆ, ಮೂರು ಸಾಲು ಉಳಿದರೆ ಒಂದು ಪುಟವೇ ಉಳಿಯುತ್ತದೆ. ಹಾಗೆ ಹುಡುಕುವಾಗ ಸಿಕ್ಕಿಬೀಳುವುದು ಬಹುಪಾಲು ಅಧ್ಯಾಯದ ತುದಿಯ ವಿವರಣೆಗಳೇ, ಅಂದರೆ ದೃಶ್ಯ ಆಗಲೇ ಹೇಳಿಬಿಟ್ಟದ್ದನ್ನು ಓದುಗರಿಗೆ ಅರ್ಥವಾಗಲಿಲ್ಲವೇನೋ ಎಂಬ ಅಳುಕಿನಿಂದ ಲೇಖಕರು ಮತ್ತೊಮ್ಮೆ ಹೇಳುವ ಮಾತುಗಳು. ಆದರೂ ಪಾತ್ರವೊಂದರ ಮಾತನ್ನು ಮೊಟಕುಗೊಳಿಸಲು ನಾನು ಒಪ್ಪಲಿಲ್ಲ. ಅದರ ಬದಲು ನನ್ನ ಮುನ್ನುಡಿಯನ್ನೇ ತೆಗೆಸಿದೆ. (ಕಾದಂಬರಿಗೆ ಮುನ್ನುಡಿ ಏಕೆ ಬೇಕೆಂಬ ಅನುಮಾನ ನನಗೆ ಮೊದಲಿನಿಂದಲೂ ಇತ್ತು.)

ಬೆನ್ನುಡಿ, ಮುಖಪುಟ, ಬಿಡುಗಡೆಯ ಸಮಾರಂಭಗಳ ಬಗ್ಗೆ ಲೇಖಕರು ತೋರುವ ಕಾಳಜಿಯಲ್ಲಿ ಅರ್ಧದಷ್ಟನ್ನಾದರೂ ಒಪ್ಪಂದ ಪತ್ರದ ಮೇಲೆ ತೋರಬೇಕೆಂಬುದು ನನ್ನ ಅಭಿಪ್ರಾಯ. ರಾಯಧನದ, ಅಂದರೆ ಮಾರಾಟದಲ್ಲಿ ಲೇಖಕರಿಗೆ ಸಲ್ಲುವ ಪಾಲಿನ, ಶೇಕಡಾವಾರು ಎಷ್ಟೆಂದು ಎಲ್ಲರೂ ಕೇಳುತ್ತಾರೆ. ಅದು ಮುದ್ರಿತ ಬೆಲೆಯ ಮೇಲೋ, ರಿಯಾಯಿತಿ ಕಳೆದು ಪ್ರಕಾಶಕರ ಕೈಸೇರುವ ಮೊತ್ತದ ಮೇಲೋ ಎಂದು ಕೇಳುವವರು ಕಡಿಮೆ. ಶೇಕಡಾ ೧೦ ಎಂಬ ಒಂದೇ ಅಂಕಿ, ಮಾರಾಟಗಾರರಿಗೆ ಶೇಕಡಾ ೪೦ ರಿಯಾಯಿತಿ ಹೋಗುವಲ್ಲಿ, ಎರಡನೆಯ ರೀತಿಯಲ್ಲಿ ಮುದ್ರಿತ ಬೆಲೆಯ ಶೇಕಡಾ ೬ಕ್ಕೆ ಇಳಿಯುತ್ತದೆ. ಅನುವಾದ, ಧ್ವನಿಪುಸ್ತಕ, ಚಲನಚಿತ್ರದ ಹಕ್ಕುಗಳನ್ನು ಒಂದೇ ವಾಕ್ಯದಲ್ಲಿ ಬರೆದುಕೊಡುವ ಬದಲು ಪ್ರತಿಯೊಂದನ್ನೂ ಬಿಡಿಯಾಗಿ ನಮೂದಿಸುವುದು ಲೇಸು.

ಹಕ್ಕು ಲೇಖಕರಿಗೆ ಮರಳುವ ಷರತ್ತಿನಲ್ಲಿ ಇನ್ನೂ ಎಚ್ಚರ ಬೇಕು. ಪುಸ್ತಕದ ಪ್ರತಿಗಳು ಮುಗಿದು, ಪ್ರಕಾಶಕರು ಮರುಮುದ್ರಣ ಮಾಡದೆ ಹೋದರೆ ಹಕ್ಕು ಹಿಂತಿರುಗುತ್ತದೆಂಬುದು ಹಳೆಯ ಒಪ್ಪಂದಗಳ ಕ್ರಮ. ಬೇಡಿಕೆ ಬಂದಾಗ ಒಂದೇ ಪ್ರತಿಯನ್ನೂ ಅಚ್ಚುಹಾಕುವ ತಂತ್ರ ಬಂದ ಮೇಲೆ ಯಾವ ಪುಸ್ತಕವೂ ಮುಗಿದಿದೆ ಎನ್ನುವಂತಿಲ್ಲ. ಯಾರೂ ಕೊಳ್ಳದ ಕಾದಂಬರಿಯೂ ಕಡತದಲ್ಲಿ ಲಭ್ಯವಾಗಿಯೇ ಇರುತ್ತದೆ, ಹಕ್ಕು ಅಲ್ಲಿಯೇ ಉಳಿಯುತ್ತದೆ. ಹಾಗಾಗಿ ವರ್ಷಕ್ಕೆ ಇಂತಿಷ್ಟು ಪ್ರತಿ ಮಾರಾಟವಾಗದಿದ್ದರೆ ಹಕ್ಕು ಮರಳಬೇಕೆಂದು ನಾನೀಗ ಬರೆಸುತ್ತೇನೆ. ಪ್ರಕಾಶಕರು ಅಂಕಿಯ ಬಗ್ಗೆ ಚೌಕಾಸಿ ಮಾಡುತ್ತಾರೆಯೇ ಹೊರತು ಷರತ್ತೇ ಬೇಡವೆಂದು ಈವರೆಗೆ ಯಾರೂ ಹೇಳಿಲ್ಲ.