ಟ್ಯಾಂಕು ಯೆಜ್ಡಿ, ಆರ್‌ಸಿ ಜಾವಾ, ಎಂಜಿನ್ ಯಾರದೋ

ಕೊನೆಗೂ ಎಂಜಿನ್ ನಂಬರು ಪೂರ್ತಿ ಓದಲು ಸಿಕ್ಕಿತು. ಸಂತೋಷಪಡಬೇಕೋ ತಲೆ ಚಚ್ಚಿಕೊಳ್ಳಬೇಕೋ, ಇನ್ನೂ ತೀರ್ಮಾನವಾಗಿಲ್ಲ.

ಚಿಂತಾಮಣಿ ಕಡೆಯ ತೋಟದ ಮನೆಯಿಂದ ಚಿಕ್ಕಬಳ್ಳಾಪುರಕ್ಕೆ ತಂದ ಹಳೆಯ ಮೋಟಾರ್‌ಸೈಕಲ್ ಇದು, ಮತ್ತೆ ಓಡುವಂತೆ ಮಾಡುವ ಆಸೆ. ತೊಳೆದದ್ದು, ಬಿಚ್ಚಿದ್ದು, ಬೋಲ್ಟುಗಳನ್ನು ಡಬ್ಬಿಗೆ ಹಾಕಿ ಚೀಟಿ ಅಂಟಿಸಿದ್ದು ನಿಮಗೆಲ್ಲ ಗೊತ್ತಿರುವ ಕತೆ, ಬಿಡಿ. ಆರ್‌ಸಿ ಪ್ರಕಾರ ಜಾವಾ 250, 1972. ನೋಂದಣಿ ನಂಬರು ಎಂವೈ ಸರಣಿಯದು, ರಾಜ್ಯ ಇನ್ನೂ ಮೈಸೂರಾಗಿದ್ದ ಕಾಲದ್ದು. ಟ್ಯಾಂಕಿನ ಮೇಲೆ ಮಾತ್ರ ಯೆಜ್ಡಿ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಯೆಜ್ಡಿ ಹೆಸರಿಗೆ ಹೊರಳಿದ್ದು 1973ರಲ್ಲಿ. ಇರಲಿ, ಟ್ಯಾಂಕು ಬದಲಾಗದ ಗಾಡಿ ನಮ್ಮಲ್ಲಿ ಎಷ್ಟಿವೆ? ಚಕ್ರಗಳು 16 ಇಂಚಿನವು, ಹಳೆಯ ಜಾವಾ 250ರ, ಅಂದರೆ 353 ಮಾದರಿಯ, ಲಕ್ಷಣ. ಆಮೇಲೆ ಬಂದ ಯೆಜ್ಡಿ ರೋಡ್‌ಕಿಂಗ್‌ ಆಗಿದ್ದರೆ 18 ಇರಬೇಕಿತ್ತು.

ಬೆಂಗಳೂರಿನ ಬಿಡಿಭಾಗದ ಅಂಗಡಿಯವರದು ಒಂದೇ ಮಂತ್ರ: "ಎಲ್ಲ 250ಕ್ಕೂ ಒಂದೇ ಸಾರ್, ಕೂರುತ್ತದೆ." ಬೋರ್ (ಸಿಲಿಂಡರಿನ ಒಳ ಅಗಲ) 65 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಚಲಿಸುವ ದೂರ) 75 ಎನ್ನುವಷ್ಟರ ಮಟ್ಟಿಗೆ ಅವರ ಮಾತು ನಿಜ. ಜಾವಾಕ್ಕೂ ಅದೇ, ರೋಡ್‌ಕಿಂಗ್‌ಗೂ ಅದೇ. ಹಾಗಾಗಿ ಅಳೆಯುವ ವರ್ನಿಯರ್ ಹಿಡಿದು ಮಾದರಿ ಪತ್ತೆ ಮಾಡುವ ಆಸೆ ಬಿಟ್ಟೆ. ಅವರು ಕಳಿಸಿದ ಕ್ಲಚ್ ಕವರಿನ ಗ್ಯಾಸ್ಕೆಟ್ ಮಾತ್ರ ಒಂದು ಅಂಚಿಗೆ ಅಚ್ಚುಕಟ್ಟಾಗಿ ಕೂತು, ಇನ್ನೊಂದು ಅಂಚಿನಲ್ಲಿ ಬೋಲ್ಟಿನ ತೂತನ್ನು ಬೆರಳಗಲ ಆಚೆ ತೋರಿಸಿತು. ಫೋನ್ ಮಾಡಿದರೆ, "ಸ್ವಲ್ಪ ಎಳೆದು ಕೂರಿಸಿ" ಎಂಬ ಸಲಹೆ. ಗ್ಯಾಸ್ಕೆಟ್ ಏನು ಚಪಾತಿ ಹಿಟ್ಟೇ?

ಉಳಿದದ್ದು ಎಂಜಿನ್, ಚಾಸಿಸ್ ನಂಬರುಗಳ ದಾರಿ. ಗ್ರೈಂಡರ್, ತಂತಿ ಬ್ರಷ್ ಹತ್ತಿರ ಸುಳಿಯಬೇಡಿ. ನಂಬರಿನ ಸುತ್ತ ಉಜ್ಜಿದ ಗುರುತು ಕಂಡರೆ ಆರ್‌ಟಿಒ ಇನ್‌ಸ್ಪೆಕ್ಟರ್ ನಿಮ್ಮನ್ನು ನೋಡುವ ನೋಟವೇ ಬದಲಾಗುತ್ತದೆ. ಎಂಜಿನ್ನಿನ ಹೊರಕವಚವಾದ ಕ್ರ್ಯಾಂಕ್‌ಕೇಸಿನ ಜಿಡ್ಡಿಗೆ ಸೀಮೆಎಣ್ಣೆ ಮತ್ತು ಹಲ್ಲುಜ್ಜುವ ಬ್ರಷ್, ಚಾಸಿಸ್ ಕುತ್ತಿಗೆಯ ಬಣ್ಣಕ್ಕೆ ಪೇಂಟ್ ರಿಮೂವರ್ ಮತ್ತು ಹತ್ತಿಬಟ್ಟೆ. ಪದರ ಪದರವಾಗಿ ಕಪ್ಪು, ಅದರಡಿ ನೀಲಿ, ಅದರಡಿ ಮೆರೂನ್ ಎದ್ದು ಬಂದವು. ಆದರೂ ಎಂಜಿನ್ನಿನ ಒಂದು ಅಂಕೆ 3 ಎಂದರೆ 3, 8 ಎಂದರೆ 8. ದೀಪ ಆರಿಸಿ, ಟಾರ್ಚನ್ನು ಲೋಹಕ್ಕೆ ಹೆಚ್ಚುಕಡಿಮೆ ತಾಗಿಸಿ ಅಡ್ಡಲಾಗಿ ಹಿಡಿದೆ. ಸೀಮೆಸುಣ್ಣ ತಿಕ್ಕಿ, ಮೇಲ್ಮೈಯನ್ನಷ್ಟೇ ಹಗುರವಾಗಿ ಒರೆಸಿದೆ. ಕೊರೆದ ಜಾಗದಲ್ಲಿ ಬಿಳಿ ಉಳಿಯಿತು. ಎಡಬದಿಯಲ್ಲೂ ಎರಡು ಸಣ್ಣ ಬಾಗು. 8.

ಇನ್ನು ಬಿ ಎಕ್ಸ್‌ಟ್ರಾಕ್ಟ್, ಅಂದರೆ ಆರ್‌ಟಿಒ ದಾಖಲೆಯಲ್ಲಿರುವ ಗಾಡಿಯ ವಿವರದ ಪ್ರತಿ. 2007ರವರೆಗೆ ನಾವು ಕೋಲಾರ ಜಿಲ್ಲೆಯವರೇ ಆದ್ದರಿಂದ ಹಳೆಯ ಕಾಗದಪತ್ರವೆಲ್ಲ ಅಲ್ಲಿನ ಆರ್‌ಟಿಒದಲ್ಲೇ. ಬಂದ ಪ್ರತಿಯಲ್ಲಿ ಚಾಸಿಸ್ ನಂಬರು ಅಕ್ಷರಶಃ ನನ್ನದೇ. ಎಂಜಿನ್ ನಂಬರು ಎಲ್ಲಿಂದೆಲ್ಲಿಗೂ ಸೇರುವುದಿಲ್ಲ! ಚಾಸಿಸ್ ಅಪ್ಪಟ 1972ರ ಜಾವಾ. ಹೊಟ್ಟೆಯಲ್ಲಿರುವುದು ಬೇರೊಂದು ಎಂಜಿನ್, ಬಹುಶಃ ಯೆಜ್ಡಿ ಕಾಲದ್ದು, ಅದೂ ಆರ್‌ಸಿಯಲ್ಲಿ ನಮೂದಾಗದೆ.

ನಿಜವಾಗಿ ಹೊಟ್ಟೆ ಉರಿದದ್ದು ಬೇರೆ ಕಾರಣಕ್ಕೆ. 2021ರ ವಿಂಟೇಜ್ ನಿಯಮದಂತೆ 50 ವರ್ಷ ದಾಟಿದ, ಮೂಲ ರೂಪದಲ್ಲಿರುವ ಗಾಡಿಗೆ ನಡುವೆ 'ವಿಎ' ಅಕ್ಷರಗಳಿರುವ ಪ್ರತ್ಯೇಕ ನಂಬರು ಸಿಗುತ್ತದೆ. ದಿನಬಳಕೆಗೆ ಓಡಿಸುವಂತಿಲ್ಲ, ಆದರೂ ಆ ಫಲಕದ ಮೇಲೆ ನನಗೆ ಕಣ್ಣಿತ್ತು. ಎಂಜಿನ್ ಬದಲಾದ ಗಾಡಿಗೆ ಆ ಭಾಗ್ಯವಿಲ್ಲ. ಈಗ ಎಂಜಿನ್ ಬದಲಾವಣೆಯನ್ನು ಆರ್‌ಸಿಗೆ ಸೇರಿಸಬೇಕು, ಅದಕ್ಕೆ ಇನ್ನೊಂದು ಸುತ್ತು ಅಲೆದಾಟ.

ಅಂದಹಾಗೆ, ಶಿಡ್ಲಘಟ್ಟದ ಗೂಡು ಮಾರುಕಟ್ಟೆಗೆ ರೇಷ್ಮೆಗೂಡಿನ ಮೂಟೆ ಹೊತ್ತು ಸವೆದ ರಾಜ್‌ದೂತ್ 175 ಒಂದು ಕಣ್ಣಿಗೆ ಬಿದ್ದಿದೆ. ಪೋಲೆಂಡಿನ ಎಸ್‌ಎಚ್‌ಎಲ್ ಎಂ11ರ ಸಂತತಿ, ಮುಂದಿನ ಚಕ್ರ ಹಿಡಿದಿರುವ ಅರ್ಲ್ಸ್ ಮಾದರಿಯ ಫೋರ್ಕ್ ಇನ್ನೂ ಗಟ್ಟಿಯಾಗಿದೆ. ಈ ಸಲ ಬಾಡಿಗೆ ಆಟೋ ಗೊತ್ತು ಮಾಡುವ ಮೊದಲೇ ಸೀಮೆಸುಣ್ಣ, ಟಾರ್ಚ್ ಜೇಬಿನಲ್ಲಿರುತ್ತವೆ. ಮನೆಯಲ್ಲಿ ಇನ್ನೂ ಹೇಳಿಲ್ಲ.

ಸದ್ಯಕ್ಕೆ ಆರ್ಡರನ್ನು ಎರಡಾಗಿ ಒಡೆದಿದ್ದೇನೆ. ಬ್ರೇಕ್ ಶೂ, ಚಕ್ರದ ಕಡ್ಡಿ, ರಿಮ್, ಫೋರ್ಕ್ ಸೀಲು ಜಾವಾದ ಲೆಕ್ಕಕ್ಕೆ. ಎಂಜಿನ್ ಭಾಗಗಳಿಗೆ ಮಾದರಿಯ ಹೆಸರನ್ನೇ ಹೇಳುತ್ತಿಲ್ಲ. ಕವರನ್ನು ಕಾಗದದ ಮೇಲಿಟ್ಟು ಪೆನ್ಸಿಲ್ಲಿನಲ್ಲಿ ಗೆರೆ ಎಳೆದು, ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೊ ಕಳಿಸಿದ್ದೇನೆ. ಅಂಗಡಿಯವರು ಸರಿಯಾದ ಗ್ಯಾಸ್ಕೆಟ್ ಇದೆ ಎಂದು ಒಪ್ಪಿಕೊಂಡಿದ್ದಾರೆ. ಮೊದಲು ಬಂದ ತಪ್ಪು ಗ್ಯಾಸ್ಕೆಟನ್ನು ವಾಪಸು ಕಳಿಸುವ ಕೊರಿಯರ್ ಖರ್ಚು ಮಾತ್ರ ನನ್ನದಂತೆ.