ಕೆಂಪು ಕೆಸರಿಗೆ ಹೊಸ ಬ್ರೇಕ್

ಜೂನ್ 29
ಪರ್ಕಳದ ನಮ್ಮ ಮನೆಯಿಂದ ಸ್ವರ್ಣಾ ನದಿ ಕಡೆ ಇಳಿಯುವ ಮಣ್ಣಿನ ದಾರಿಯಲ್ಲಿ ಇವತ್ತು ತಿರುವು ತಪ್ಪಿ ಸೈಕಲ್ ಸಮೇತ ನೇರ ಅಡಿಕೆ ತೋಟಕ್ಕೆ ನುಗ್ಗಿದೆ. ಬೀಳಲಿಲ್ಲ, ಪುಣ್ಯ. ವಿ-ಬ್ರೇಕಿನ, ಅಂದರೆ ಚಕ್ರದ ರಿಮ್ಮನ್ನು ಎರಡೂ ಬದಿಯಿಂದ ಒತ್ತುವ ಬ್ರೇಕಿನ, ರಬ್ಬರ್ ಶೂ ಸವೆದಿರಬೇಕು ಅಂದುಕೊಂಡು ಬಿಚ್ಚಿದೆ. ರಬ್ಬರಿನೊಳಗೆ ಮುರಕಲ್ಲಿನ ಪುಡಿ, ಜೊತೆಗೆ ಹೊಳೆಯುವ ಅಲ್ಯೂಮಿನಿಯಂ ಚೂರುಗಳು. ರಿಮ್ ಮೇಲೆ ಉಗುರು ಆಡಿಸಿದರೆ ನಡುವೆ ತಗ್ಗು. ಇಷ್ಟು ದಿನ ಬ್ರೇಕ್ ಹಿಡಿದಾಗಲೆಲ್ಲ ರಿಮ್ಮಿಗೆ ಉಪ್ಪುಕಾಗದ ಉಜ್ಜುತ್ತಿದ್ದೆ, ಅಷ್ಟೇ.

ಜುಲೈ 7
ಡಿಸ್ಕ್ ಬ್ರೇಕ್ ಹಾಕುವುದೆಂದಾಯಿತು. ಅದು ರಿಮ್ಮನ್ನಲ್ಲ, ಚಕ್ರದ ನಡುವೆ ಕೂರುವ ಲೋಹದ ತಟ್ಟೆಯನ್ನು (ರೋಟರ್) ಹಿಡಿಯುತ್ತದೆ. ಫ್ರೇಮ್, ಫೋರ್ಕ್ ಎರಡಕ್ಕೂ ಡಿಸ್ಕ್ ಕೂರಿಸುವ ಜಾಗ ಮೊದಲೇ ಇತ್ತು, ಇಲ್ಲದಿದ್ದರೆ ಆಸೆ ಅಲ್ಲೇ ಮುಗಿಯುತ್ತಿತ್ತು. ಡಿಸ್ಕ್ ಹಬ್ ಇರುವ ಹಳೆ ಚಕ್ರ ಒಂದು ಜೊತೆ, ಓದು ಮುಗಿಸಿ ಮಣಿಪಾಲ ಬಿಡುತ್ತಿದ್ದ ಹುಡುಗನಿಂದ ಸಿಕ್ಕಿತು.

ಹೈಡ್ರಾಲಿಕ್ಕೋ (ಪೈಪಿನೊಳಗಿನ ದ್ರವದ ಒತ್ತಡದಿಂದ ನಡೆಯುವುದು) ಕೇಬಲ್ಲೋ ಎಂದು ಎರಡು ದಿನ ತಲೆ ಕೆಡಿಸಿಕೊಂಡೆ. ಹೈಡ್ರಾಲಿಕ್‌ಗೆ ಒಂದು ಬೆರಳು ಸಾಕು, ನಿಜ. ಆದರೆ ಪೈಪಿಗೆ ಗಾಳಿ ಹೊಕ್ಕರೆ ತೆಗೆಯಲು ಬೇರೆಯೇ ಕಿಟ್ ಬೇಕು. ಕೇಬಲ್ ತುಂಡಾದರೆ ಯಾವ ಸೈಕಲ್ ಅಂಗಡಿಯಲ್ಲೂ ಸಿಗುತ್ತದೆ. ಹಾಗಾಗಿ ಕೇಬಲ್ಲೇ. ಪ್ಯಾಡ್‌ಗಳಿಂದ ರೋಟರನ್ನು ಒತ್ತುವ ಭಾಗ ಕ್ಯಾಲಿಪರ್. ಎಂಟಿಬಿಯದ್ದು (ಬೆಟ್ಟದ ದಾರಿಯ ಸೈಕಲ್ಲಿನದ್ದು) ತಗೊಂಡದ್ದರಿಂದ ಹಳೆ ವಿ-ಬ್ರೇಕ್ ಲಿವರ್ ಹಾಗೇ ನಡೆಯಿತು. ರೋಡ್ ಸೈಕಲ್ಲಿನದ್ದಾಗಿದ್ದರೆ ಕೇಬಲ್ ಎಳೆತ ಹೊಂದುತ್ತಿರಲಿಲ್ಲ.

ಮುಂದೆ 180 ಎಂಎಂ ರೋಟರ್, ಹಿಂದೆ 160. ಇಳಿಜಾರಿನಲ್ಲಿ ಭಾರವೆಲ್ಲ ಮುಂದಕ್ಕೆ ಬೀಳುತ್ತದೆ, ಜಲ್ಲಿಯಲ್ಲಿ ಹಿಂದಿನದ್ದು ಜಾರುವುದೇ ಜಾಸ್ತಿ. ಈ ಫೋರ್ಕಿಗೆ 180 ಹಾಕಬಹುದು ಎಂದು ನೋಡಿಕೊಂಡೇ ಕೊಂಡೆ.

ಜುಲೈ 13
ಜೋಡಣೆಗೆ ಇಡೀ ಭಾನುವಾರ ಹೋಯಿತು. ನನ್ನ ಕ್ಯಾಲಿಪರಿನಲ್ಲಿ ಹೊರಗಿನ ಪ್ಯಾಡ್ ಮಾತ್ರ ಚಲಿಸುತ್ತದೆ, ಅದು ರೋಟರನ್ನು ಚೂರು ಬಾಗಿಸಿ ಒಳಗಿನ ಪ್ಯಾಡಿಗೆ ಒತ್ತುತ್ತದೆ. ಒಳಗಿನದ್ದು ದೂರ ಇದ್ದರೆ ಲಿವರ್ ಮೆತ್ತಗೆ, ಹತ್ತಿರವಾದರೆ ಸವರುವ ಸದ್ದು. ಒಂದು ಮದುವೆ ಕಾಗದದಿಂದ ಸಣ್ಣ ಪಟ್ಟಿ ಕತ್ತರಿಸಿ, ಒಳಗಿನ ಪ್ಯಾಡ್ ಮತ್ತು ರೋಟರ್ ನಡುವೆ ತೂರಿಸಿದೆ. ಕ್ಯಾಲಿಪರಿನ ಎರಡೂ ಬೋಲ್ಟ್ ಸಡಿಲ ಮಾಡಿ, ಲಿವರ್ ಒತ್ತಿ ಹಿಡಿದು, ಒಮ್ಮೆ ಮೇಲಿನದ್ದು ಒಮ್ಮೆ ಕೆಳಗಿನದ್ದು, ಕಾಲು ಕಾಲು ಸುತ್ತು ಬಿಗಿ ಮಾಡಿದೆ. ಮೂರನೇ ಸಲಕ್ಕೆ ಚಕ್ರ ಸದ್ದಿಲ್ಲದೆ ತಿರುಗಿತು.

ಹೊಸ ಪ್ಯಾಡ್ ಮೊದಲ ದಿನವೇ ಹಿಡಿಯುವುದಿಲ್ಲ. ಡಾಂಬರು ರಸ್ತೆಯಲ್ಲಿ ವೇಗ ಹಿಡಿದು, ಚಕ್ರ ಲಾಕ್ ಆಗದಂತೆ ನಿಧಾನಿಸಿ, ಮತ್ತೆ ಓಡಿಸಿ, ಹೀಗೆ ಇಪ್ಪತ್ತು ಸಲ. ಬಸ್‌ಸ್ಟ್ಯಾಂಡಿನಲ್ಲಿದ್ದವರು ಇವನಿಗೇನಾಯಿತು ಅಂತ ನೋಡಿದರು.

ಜುಲೈ 24
ಆಟಿ (ತುಳುವರ ಮಳೆಗಾಲದ ತಿಂಗಳು) ಮಳೆಗೆ ಮುಂದಿನ ಬ್ರೇಕ್ ಕೀಚಲು ಶುರುವಾಯಿತು. ಮನೆಗೆ ಬಂದಿದ್ದ ಮಾವ, ನಾನಿಲ್ಲದಾಗ ರೋಟರಿಗೆ ತೆಂಗಿನೆಣ್ಣೆ ಬಿಟ್ಟಿದ್ದರು! "ಈಗ ನೋಡು ಮಾರಾಯ, ಒಂದು ಸದ್ದಿಲ್ಲ." ನಿಜ, ಸದ್ದೂ ಇಲ್ಲ, ಬ್ರೇಕೂ ಇಲ್ಲ. ಅವರಿಗೆ ಏನೂ ಹೇಳಲಿಲ್ಲ. ರೋಟರನ್ನು ಮೆಡಿಕಲ್ ಅಂಗಡಿಯ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿದೆ. ಪ್ಯಾಡನ್ನು ಉಪ್ಪುಕಾಗದಕ್ಕೆ ಉಜ್ಜಿ ನೋಡಿದೆ, ಎಣ್ಣೆ ಒಳಗೇ ಇಳಿದಿತ್ತು. ಎಸೆದೆ.

ಹೇಗೂ ಬದಲಿಸಬೇಕಲ್ವಾ ಎಂದು ಮೆಟಲ್ ಪ್ಯಾಡ್ ತಂದೆ. ಒದ್ದೆ ಮಣ್ಣಿನಲ್ಲಿ ಮೊದಲಿದ್ದ ಮೆತ್ತನೆಯ ರೆಸಿನ್ ಪ್ಯಾಡಿಗಿಂತ ಜಾಸ್ತಿ ಬಾಳುತ್ತದೆ, ಸದ್ದೂ ಜಾಸ್ತಿ. ಕೆಲವು ಅಗ್ಗದ ರೋಟರಿನ ಮೇಲೆ ರೆಸಿನ್ ಪ್ಯಾಡ್ ಮಾತ್ರ ಎಂದು ಕೊರೆದಿರುತ್ತದೆ. ನನ್ನದರಲ್ಲಿ ಇಲ್ಲ, ಎರಡು ಸಲ ನೋಡಿದೆ.

ಆಗಸ್ಟ್ 3
ಅದೇ ತಿರುವು, ಅದೇ ಮಳೆ. ತೋಟದ ಬೇಲಿಯಿಂದ ಎರಡು ಮಾರು ಮೊದಲೇ ನಿಂತೆ. ಕೀಚಿದ ಸದ್ದಿಗೆ ತೋಟದ ನಾಯಿ ಎದ್ದು ಬೊಗಳಿತು. ಹಿಂದಿನ ಚಕ್ರದಲ್ಲಿ ಇನ್ನೂ ರೆಸಿನ್ ಪ್ಯಾಡೇ ಇದೆ, ಅದು ಚೌತಿವರೆಗೆ ಬಂದರೆ ಸಾಕು.