“ಎರಡು ಸಾವಿರಕ್ಕ ಅಲ್ಲೇನ್ ಮಾಡ್ತಿದ್ದಿ?”

ಮದುವೆ ಮನೆಯ ಪಂಕ್ತಿಯಲ್ಲಿ, ಬಸ್ಸಿನಲ್ಲಿ, ನಮ್ಮ ಅತ್ತೆಯ ತಂಗಿಯ ಬಾಯಲ್ಲಿ ವರ್ಷಕ್ಕೆರಡು ಸಲವಾದರೂ ಈ ಪ್ರಶ್ನೆ ನನಗೆ ಎದುರಾಗುತ್ತದೆ. ಯಾದಗಿರಿ ಜಿಲ್ಲೆಯ ಒಂದು ಗ್ರಾಮ ಪಂಚಾಯಿತಿಯಲ್ಲಿ ಲೋಕ ಶಿಕ್ಷಣ ಕೇಂದ್ರದ, ಅಂದರೆ ದೊಡ್ಡವರಿಗೆ ಓದು ಬರಹ ಕಲಿಸುವ ಕೇಂದ್ರದ, ಉಸ್ತುವಾರಿ ನೋಡುವ ಪ್ರೇರಕಿಯಾಗಿದ್ದೆ ಅಂತ ಗೊತ್ತಾದ ಕೂಡಲೇ ಕೇಳುತ್ತಾರೆ: “ತಿಂಗಳಿಗೆ ಎರಡೇ ಸಾವಿರ ಅಂತಲ್ಲ. ಮುದುಕ್ಯಾರಿಗೆ ಅ ಆ ಇ ಈ ಹೇಳಿಕೊಡೋದು. ದಿನಾ ಕುಂತು ಅಲ್ಲೇನ್ ಮಾಡ್ತಿದ್ದಿ ಯವ್ವಾ?”

ಉತ್ತರ ಅರ್ಧ ಹೇಳುವಷ್ಟರಲ್ಲಿ ಹೋಳಿಗೆ ಬರುತ್ತದೆ, ಇಲ್ಲವೇ ಅವರ ಸ್ಟಾಪು ಬರುತ್ತದೆ. ಅದಕ್ಕೇ ಬರೆದಿಡುತ್ತಿದ್ದೇನೆ.

ಮೊದಲು ದುಡ್ಡಿನ ಮಾತು ಮುಗಿಸಿಬಿಡೋಣ. 2009ರ ಸೆಪ್ಟೆಂಬರ್ 8ರಂದು ಸಾಕ್ಷರ ಭಾರತ ಅಂತ ಒಂದು ಯೋಜನೆ ಶುರುವಾಯಿತು. ಪಂಚಾಯಿತಿಗೊಂದು ಕೇಂದ್ರ, ಕೇಂದ್ರಕ್ಕೆ ಇಬ್ಬರು ಪ್ರೇರಕರು, ಅವರಲ್ಲಿ ಒಬ್ಬರು ಹೆಣ್ಣುಮಗಳು. ಒಬ್ಬೊಬ್ಬರಿಗೂ ತಿಂಗಳಿಗೆ 2,000 ರೂಪಾಯಿ. ಅದಕ್ಕೆ ಸಂಬಳ ಅನ್ನುವಂತಿಲ್ಲ, ಗೌರವಧನ ಅನ್ನಬೇಕು. ಹತ್ತಿ ಬಿಡಿಸಲು ಹೋಗಿದ್ದರೆ ಅದಕ್ಕಿಂತ ಹೆಚ್ಚು ಸಿಗುತ್ತಿತ್ತು, ನಿಜ. ಆದರೆ ಪಿಯುಸಿ ಮುಗಿಸಿ ಮನೆಯಲ್ಲಿ ಕೂತಿದ್ದ ಸೊಸೆಗೆ ದಿನಾ ಹೊರಗೆ ಹೋಗಲು ಅದೊಂದು ಕಾರಣ ಕೊಟ್ಟಿತು. ಅದರ ಬೆಲೆಯನ್ನು ಅತ್ತೆಯ ತಂಗಿಗೆ ಹೇಳುವುದು ಕಷ್ಟ.

ಇನ್ನು ಅ ಆ ಇ ಈ. ಅದನ್ನು ನಾನು ಯಾರಿಗೂ ಮೊದಲ ದಿನ ಹೇಳಿಕೊಡಲೇ ಇಲ್ಲ. ಸರ್ಕಾರಿ ಶಾಲೆಯ ನಲಿಕಲಿ ತರಗತಿಯ ಮಕ್ಕಳು ಕಲಿಯುವ ಹಾಗೆ ರ, ಗ, ಸ, ದ, ಅ ಅಂತ ಶುರು ಮಾಡುತ್ತಿದ್ದೆ. ಸಣ್ಣ ಮಕ್ಕಳಾದರೆ ವರ್ಣಮಾಲೆ ಪೂರ್ತಿ ಉರು ಹೊಡೆದಾವು. ಐವತ್ತು ದಾಟಿದವಳು ಮೂರು ದಿನ ನೋಡಿ, ಇದರಿಂದ ಏನೂ ಹುಟ್ಟುವುದಿಲ್ಲ ಅನಿಸಿದರೆ ನಾಲ್ಕನೇ ದಿನ ಬರುವುದಿಲ್ಲ. ಈ ಐದು ಅಕ್ಷರ ಬಂದರೆ ಸರ, ಅರಸ, ಅಗಸ, ದಸರ ಎಲ್ಲ ಓದಬಹುದು. ಬಡಿಗೇರ ಮನೆಯವಳೊಬ್ಬಳು ಗರಗಸ ಅಂತ ಓದಿ, ಸ್ಲೇಟನ್ನು ಗಂಡನಿಗೆ ತೋರಿಸಲು ಮನೆಗೇ ಒಯ್ದಳು. ಎಲ್ಲರಿಗೂ ಮೆಚ್ಚಾಗಿದ್ದ ಶಬ್ದ ಮಾತ್ರ ‘ದರ’. ಹತ್ತಿ ದರ, ತೊಗರಿ ದರ. ಜೀವನವಿಡೀ ಬಾಯಲ್ಲಿ ಆಡಿದ್ದ ಮಾತು ಎರಡೇ ಅಕ್ಷರದ್ದು ಅಂತ ತಿಳಿದಾಗ ಒಬ್ಬಾಕೆ, “ಇಷ್ಟs ಏನು?” ಅಂದಳು. ಮೋಸ ಹೋದವರ ದನಿಯಲ್ಲಿ.

ಆದರೆ ನಿಜ ಹೇಳಬೇಕೆಂದರೆ, ಯೋಜನೆಯ ಕಾಗದದ ಪ್ರಕಾರ ಕಲಿಸುವ ಕೆಲಸ ನಮ್ಮದಲ್ಲವೇ ಅಲ್ಲ. ಹತ್ತು ಮಂದಿಗೊಬ್ಬರಂತೆ ಬೋಧಕರನ್ನು ಹುಡುಕಬೇಕು, ಅವರು ಕಲಿಸಬೇಕು. ಅವರಿಗೆ ಒಂದು ಪೈಸೆಯೂ ಇಲ್ಲ. ಹಾಗೆ ಸಿಗುವವರು ಯಾರು? ಹೈಸ್ಕೂಲು ಹುಡುಗಿಯರು. ಮೊದಲ ವರ್ಷ ಜಾಣತನ ತೋರಿಸಲು ಹೋಗಿ ಮಗಳಿಗೆ ಅವಳ ತಾಯಿಯನ್ನೇ ಒಪ್ಪಿಸಿದೆ. ವಾರದೊಳಗೆ ಆ ಮನೆಯಲ್ಲಿ ಜಗಳ. ಮಗಳು ಬೈದು ಕಲಿಸುವುದು, ತಾಯಿ ಸ್ಲೇಟು ಬಿಸಾಕಿ “ನಿನ್ನ ಹಡೆದಾಕಿ ನಾನು” ಅನ್ನುವುದು. ಆಮೇಲೆ ಅದಲು ಬದಲು ಮಾಡಿದೆ: ಈ ಮನೆಯ ಹುಡುಗಿ ಆ ಮನೆಯ ತಾಯಿಗೆ, ಆ ಮನೆಯವಳು ಇಲ್ಲಿಗೆ. ಪರರ ಮಗಳ ಮುಂದೆ ಎಲ್ಲರೂ ಸಭ್ಯರು. ತಾಂಡಾದಲ್ಲಿ ಬೇರೆಯೇ ಸಮಸ್ಯೆ. ಅಲ್ಲಿಯ ಹೆಂಗಸರ ಮನೆಮಾತು ಲಂಬಾಣಿ; ನನ್ನ ಕನ್ನಡ ಅವರಿಗೆ ಕಚೇರಿಯ ಭಾಷೆ ಇದ್ದ ಹಾಗೆ. ಅಲ್ಲಿಗೆ ತಾಂಡಾದ ಹುಡುಗಿಯೇ ಬೇಕಿತ್ತು. ಏಳನೇ ತರಗತಿಗೇ ಶಾಲೆ ಬಿಟ್ಟ ಒಬ್ಬಳು ಸಿಕ್ಕಳು. ಡಿಗ್ರಿ ಓದಿದವರಿಗಿಂತ ಚೆನ್ನಾಗಿ ಕಲಿಸಿದಳು.

ನನ್ನ ಜೊತೆಗಿದ್ದ ಪ್ರೇರಕ ಅಣ್ಣನದು ಇನ್ನೊಂದು ಕಥೆ. ಎಸ್ಸೆಸ್ಸೆಲ್ಸಿ ಪಾಸು, ಪಂಕ್ಚರ್ ಅಂಗಡಿ. ಅವನ ಪಾಲಿಗೆ ಗಂಡಸರು ಬಂದಿದ್ದರು. ಹೆಂಗಸು “ನಂಗ ಓದಾಕ ಬರಂಗಿಲ್ಲ” ಅಂತ ನಗುತ್ತಲೇ ಹೇಳುತ್ತಾಳೆ. ಗಂಡಸು ಹೇಳುವುದಿಲ್ಲ, ಕನ್ನಡಕ ಮನೆಯಲ್ಲಿ ಬಿಟ್ಟು ಬಂದೆ ಅನ್ನುತ್ತಾನೆ. ಈ ಅಣ್ಣ ಅವರನ್ನು ಕೇಂದ್ರಕ್ಕೆ ಕರೆಯಲೇ ಇಲ್ಲ. ದಿನಾ ಮುಂಜಾನೆ ಪೇಪರನ್ನು ಕಟ್ಟೆಗೆ ಒಯ್ದು ಜೋರಾಗಿ ಓದುತ್ತಿದ್ದ. ಕೊಲೆ ಸುದ್ದಿ ಇದ್ದರೆ ಅರ್ಧಕ್ಕೆ ನಿಲ್ಲಿಸಿ, ಪೇಪರು ಅಲ್ಲೇ ಇಟ್ಟು ಚಹಾ ಕುಡಿಯಲು ಹೋಗಿಬಿಡುತ್ತಿದ್ದ. ಈ ಉಪಾಯ ಯಾವ ತರಬೇತಿಯಲ್ಲೂ ಇರಲಿಲ್ಲ.

2011ರ ಜನಗಣತಿಯಲ್ಲಿ ಕರ್ನಾಟಕದ ಸಾಕ್ಷರತೆ ಶೇಕಡಾ 75.36, ಯಾದಗಿರಿಯದು 51.83. ರಾಜ್ಯದಲ್ಲೇ ಕೊನೆ. ಹೆಂಗಸರನ್ನಷ್ಟೇ ಎಣಿಸಿದರೆ ನೂರಕ್ಕೆ 41. ಈ ಅಂಕಿ ನೋಡಿ ‘ಅಲ್ಲಿಯವರಿಗೆ ಕಲಿಯುವ ಆಸಕ್ತಿ ಇಲ್ಲ’ ಅನ್ನುವವರು ನಮ್ಮ ಊರಿನ ದಿನಚರಿ ಒಮ್ಮೆ ನೋಡಬೇಕು. ಹತ್ತಿ ಬಿಡಿಸುವ ಕಾಲದಲ್ಲಿ ಕತ್ತಲಿದ್ದಾಗಲೇ ಎದ್ದು ರೊಟ್ಟಿ ಬಡಿದು ಹೊಲಕ್ಕೆ ಹೊರಟವರು ಸಂಜೆ ಬಂದು ಮತ್ತೆ ರೊಟ್ಟಿ ಬಡಿಯುತ್ತಾರೆ. ಸುಗ್ಗಿ ಮುಗಿದರೆ ಅರ್ಧ ಊರು ಗುಳೆ, ಬೆಂಗಳೂರಿನ ಕಟ್ಟಡ ಕೆಲಸಕ್ಕೆ. ಮರಳಿ ಬರುವಷ್ಟರಲ್ಲಿ ಒತ್ತಕ್ಷರವೆಲ್ಲ ಮರೆತಿರುತ್ತದೆ. ಹಾಗಾಗಿ ಕೇಂದ್ರದ ವೇಳೆ ಗೋಡೆಯ ಮೇಲೆ ಬರೆದದ್ದು ಒಂದು, ನಡೆದದ್ದು ಒಂದು. ರಾತ್ರಿ ಎಂಟೂವರೆಗೆ, ಯಾರ ಮನೆಯ ಪಡಸಾಲೆಯಲ್ಲಿ ದೀಪ ಇದೆಯೋ ಅಲ್ಲಿ.

ಹಾಗಾದರೆ ಹಗಲೆಲ್ಲ ಏನು ಮಾಡುತ್ತಿದ್ದೆ? ಇದೇ ಅಲ್ಲವೇ ನಿಜವಾದ ಪ್ರಶ್ನೆ.

ಓದುತ್ತಿದ್ದೆ. ಬೇರೆಯವರದ್ದನ್ನು. ಬಾಗಿಲು ತೆಗೆದಿದ್ದರೆ ಸಾಕು, ಒಬ್ಬೊಬ್ಬರೇ ಸೆರಗಿನೊಳಗಿಂದ ಏನಾದರೂ ತೆಗೆಯುತ್ತಿದ್ದರು. ಬ್ಯಾಂಕ್ ಪಾಸ್‌ಬುಕ್ಕು. ಉದ್ಯೋಗ ಖಾತ್ರಿಯ ಜಾಬ್ ಕಾರ್ಡು. ಸಂಘದ ಸಾಲದ ಪುಸ್ತಕ. ಮೊಬೈಲಿಗೆ ಬಂದ ಮೆಸೇಜು. ದವಾಖಾನೆಯ ಚೀಟಿ. ಗಂಡ ಕುಡಿದು ಎಷ್ಟು ಸಾಲ ಮಾಡಿದ್ದಾನೆ, ಯಾರ ಮಗಳ ರಕ್ತ ಪರೀಕ್ಷೆಯಲ್ಲಿ ಏನು ಬಂದಿದೆ, ಯಾವ ಅತ್ತೆ ಸೊಸೆಗೆ ಗೊತ್ತಾಗದಂತೆ ಎಷ್ಟು ಕೂಡಿಟ್ಟಿದ್ದಾಳೆ ಎಲ್ಲ ನನಗೆ ಗೊತ್ತಿತ್ತು. ಅತ್ತೆಯೂ ಸೊಸೆಯೂ ಬೇರೆ ಬೇರೆ ದಿನ ಬಂದು ಓದಿಸಿಕೊಂಡು ಹೋಗುತ್ತಿದ್ದರು. ಆಮೇಲೆ ರಾತ್ರಿ ಅಕ್ಕಪಕ್ಕ ಕೂತು ‘ಕ’ಕ್ಕೆ ಕೊಂಬು ಕೊಡುವುದು ಕಲಿಯುತ್ತಿದ್ದರು. ನಾನು ಇಬ್ಬರ ಮುಖವನ್ನೂ ನೋಡದೆ ಬೋರ್ಡು ನೋಡುತ್ತಿದ್ದೆ.

ಪ್ರೇರಕಿಗೆ ಏನು ಅರ್ಹತೆ ಬೇಕು ಅಂತ ನನ್ನನ್ನು ಕೇಳಿದ್ದರೆ ಒಂದೇ ಬರೆಯುತ್ತಿದ್ದೆ: ಬಾಯಿ ಬಿಗಿ ಇರಬೇಕು. ಒಂದು ಸಲ ಒಬ್ಬರ ಗುಟ್ಟು ನಲ್ಲಿಯ ಕಟ್ಟೆಗೆ ಹೋಯಿತೋ, ಅವತ್ತೇ ಕೇಂದ್ರ ಮುಚ್ಚಿದ ಹಾಗೆ. ಬೀಗ ಹಾಕುವುದೂ ಬೇಕಿಲ್ಲ. ಪಕ್ಕದ ಒಂದೂರಿನಲ್ಲಿ ಹೀಗೇ ಆಯಿತು. ಬಿಎ ಬಿಎಡ್ ಓದಿದಾಕೆ, ದುಂಡನೆಯ ಅಕ್ಷರ, ರಿಜಿಸ್ಟರೆಲ್ಲ ಅಚ್ಚುಕಟ್ಟು. ಆದರೆ ಒಬ್ಬಳ ಪಾಸ್‌ಬುಕ್ಕಿನ ಮೊತ್ತ ಅವಳ ಮೈದುನನ ಕಿವಿಗೆ ಬಿತ್ತು. ಆಮೇಲೆ ಆ ಓಣಿಯಿಂದ ಒಬ್ಬರೂ ಬರಲಿಲ್ಲ, ಓದಿಸಲೂ ಇಲ್ಲ, ಕಲಿಯಲೂ ಇಲ್ಲ.

ಪರೀಕ್ಷೆಯೂ ಇತ್ತು. ಓದು, ಬರಹ, ಲೆಕ್ಕ ಸೇರಿ 150 ಅಂಕ. ನಮ್ಮೂರ ಶಾಲೆಯ ಸಣ್ಣ ಬೆಂಚುಗಳಲ್ಲಿ ಮೊಣಕಾಲು ಮಡಚಿ ಕೂತು, ಹಬ್ಬದ ಸೀರೆ ಉಟ್ಟು ಬರೆದರು. ಒಬ್ಬಾಕೆ ಪ್ರಶ್ನೆಪತ್ರಿಕೆಗೆ ಕುಂಕುಮ ಹಚ್ಚಿದಳು. ಕಾಪಿ ಹೊಡೆದರಾ? ಹೊಡೆದರು. ಜೋರಾಗಿಯೇ ಕೇಳಿ ಹೊಡೆದರು. ಲೆಕ್ಕದಲ್ಲಿ ಮಾತ್ರ ಯಾರೂ ಯಾರನ್ನೂ ಕೇಳಲಿಲ್ಲ. ವಾರದ ಕೂಲಿ ಬಾಯಲ್ಲೇ ಹೇಳುವವರಿಗೆ ಕೂಡುವುದು ಏನು ಮಹಾ; ‘ಕೈಯಲ್ಲಿ ಒಂದು’ ಅಂತ ಅದನ್ನೇ ಹಾಳೆಯ ಮೇಲೆ ಇಳಿಸುವುದೇ ಅವರಿಗೆ ತಮಾಷೆ ಅನಿಸುತ್ತಿತ್ತು.

ಒಂದು ಸೋಲನ್ನೂ ಹೇಳಬೇಕು. ಹೆಬ್ಬೆಟ್ಟು ಬಿಡಿಸುತ್ತೇವೆ ಅಂತ ಊರೆಲ್ಲ ಜಾಥಾ ಮಾಡಿದ್ದೆವು. ಅಷ್ಟರಲ್ಲಿ ರೇಷನ್ ಅಂಗಡಿಗೆ ಬಯೋಮೆಟ್ರಿಕ್ ಯಂತ್ರ ಬಂತು. ಎಂಟು ತಿಂಗಳು ಒದ್ದಾಡಿ ಸಹಿ ಕಲಿತ ಅಜ್ಜಿ ನನ್ನ ಮುಂದೆ ಬಂದು ನಿಂತಳು. “ಅಕ್ಕೋರs, ಸೈನ್ ಮಾಡ್ತೀನಂದ್ರ ಒಲ್ಲೆ ಅಂದ್ರು. ಹೆಬ್ಬಟ್ಟ ಒತ್ತಿದ್ರ ಅದೂ ಒಲ್ಲೆ ಅಂತದ.” ದುಡಿದು ದುಡಿದು ಬೆರಳಿನ ಗೆರೆ ಸವೆದಿತ್ತು, ಯಂತ್ರಕ್ಕೆ ಹತ್ತುತ್ತಿರಲಿಲ್ಲ. ನನ್ನ ಹತ್ತಿರ ಉತ್ತರ ಇರಲಿಲ್ಲ. ಚಹಾ ಮಾಡಿ ಕೊಟ್ಟೆ.

2018ರ ಮಾರ್ಚಿಗೆ ಯೋಜನೆ ಮುಗಿಯಿತು. ಬೀಗದ ಕೈ, ರಿಜಿಸ್ಟರು, ಎರಡು ಕುರ್ಚಿ, ಒಂದು ಕೇರಂ ಬೋರ್ಡು ಒಪ್ಪಿಸಿ ಸಹಿ ಹಾಕಿದೆ. ಈಗ 2022ರಿಂದ 2027ರವರೆಗೆ ಅಂತ ಹೊಸ ಕಾರ್ಯಕ್ರಮ ನಡೆದಿದೆ, ಉಲ್ಲಾಸ್ ಅಂತ ಹೆಸರು. ಹದಿನೈದು ದಾಟಿದ ಯಾರೂ ಕಲಿಯಬಹುದು, ಕಲಿಸುವವರೆಲ್ಲ ಸ್ವಯಂಸೇವಕರು. ಪುಕ್ಕಟೆ ಕಲಿಸುವುದು ನಮಗೇನೂ ಹೊಸದಲ್ಲ, ನಮ್ಮ ಹುಡುಗಿಯರೂ ಪುಕ್ಕಟೆಯೇ ಕಲಿಸಿದವರು. ಈಗ ಇಲ್ಲದಿರುವುದು ಹಗಲಲ್ಲಿ ಬಾಗಿಲು ತೆಗೆದು ಕೂಡುವವರು. ಆ ಕೆಲಸ ಸ್ವಲ್ಪ ಮಟ್ಟಿಗೆ ಪಂಚಾಯಿತಿ ಗ್ರಂಥಾಲಯದವರ ಕೈಗೆ ಬಂದಿದೆ. 2019ರಲ್ಲಿ ಆ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಸೇರಿ, ಈಗ ‘ಅರಿವು ಕೇಂದ್ರ’ ಅನಿಸಿಕೊಂಡಿವೆ. ನಮ್ಮೂರಿನ ಮೇಲ್ವಿಚಾರಕ ಹುಡುಗ ಮಕ್ಕಳಿಗೆ ಚೆಸ್ ಆಡಿಸುತ್ತ ಮಧ್ಯೆ ಮಧ್ಯೆ ಅಜ್ಜಿಯರ ಫಾರಂ ತುಂಬುತ್ತಾನೆ. ಬಾಯಿ ಬಿಗಿ ಇದೆಯೋ ಇಲ್ಲವೋ ಇನ್ನೂ ತಿಳಿದಿಲ್ಲ.

ಕೇಂದ್ರ ಮುಚ್ಚುವ ಮುಂಚಿನ ಚಳಿಗಾಲದ ಮಾತು. ಮೂರು ವರ್ಷ ತಪ್ಪದೆ ನನ್ನ ಹತ್ತಿರ ಮೆಸೇಜು ಓದಿಸುತ್ತಿದ್ದ ಒಬ್ಬಾಕೆ ಬಂದು ಪಕ್ಕದಲ್ಲಿ ಕೂತಳು. ಮೊಬೈಲು ಟಿಣ್ ಅಂತು. ಅಭ್ಯಾಸದ ಮೇಲೆ ಕೈ ಚಾಚಿದೆ. ಅವಳು ಮೊಬೈಲನ್ನು ಆ ಕಡೆ ತಿರುಗಿಸಿ, ಸೆರಗು ಅಡ್ಡ ಹಿಡಿದು, ತುಟಿ ಅಲುಗಿಸುತ್ತ ಎಷ್ಟೋ ಹೊತ್ತು ಓದಿದಳು. ಆಮೇಲೆ ಮೊಬೈಲು ಕುಬುಸದೊಳಗೆ ಹೋಯಿತು.

“ಏನಂತ?” ಅಂದೆ.

“ಏನಿಲ್ ಬಿಡ್ರಿ ಅಕ್ಕೋರೆ” ಅಂದಳು.